ಚೂಪಣ್ಣನ ದೊಡ್ಡ ಮನಸ್ಸು

ಮಕ್ಕಳೇ, ದೊಡ್ಡ ಮನಸ್ಸಿನವರನ್ನು ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ. ತಮ್ಮ ಮನಸ್ಸು ಎಷ್ಟು ದೊಡ್ಡದೆಂದು ಅವರೇ ಬಂದು ಹೇಳುತ್ತಾರೆ. ಕಾರೆಗುಡ್ಡದ ಕಾಡಿನ ಮುಳ್ಳುಹಂದಿ ಚೂಪಣ್ಣ ಅಂಥವನೇ.

ಅವನಿಗೂ ಹೆಂಡತಿ ಸೂಜಮ್ಮನಿಗೂ ಎರಡು ಮರಿಗಳು. ಒಂದು ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದಾಗ ತಾಯಿ ಇಲ್ಲದ ಮೊಲದ ಮರಿಯೊಂದು ಸಿಕ್ಕಿತು. ಸೂಜಮ್ಮ ಅದನ್ನು ಮನೆಗೆ ತಂದು, ಅರಳೆ ಎಂದು ಹೆಸರಿಟ್ಟಳು.

ಆ ಕಾಡಿನಲ್ಲಿ ನರಿಯ ಕಾಟ. ಅದಕ್ಕೇ ಸೂಜಮ್ಮ ದಿನಾ ಬೆಳಿಗ್ಗೆ ಮನೆಯಲ್ಲಿ ಉದುರಿದ ಮುಳ್ಳುಗಳನ್ನು ಗುಡಿಸಿ, ಮರದ ಅಂಟು ಹಚ್ಚಿ ಅರಳೆಯ ಬೆನ್ನಿಗೆ ಅಂಟಿಸುತ್ತಿದ್ದಳು. ಕಿವಿಗೆ ಮಾತ್ರ ಉಪಾಯ ಹೊಳೆಯಲಿಲ್ಲ. ಹೊರಗಿನವರು ಕೇಳಿದರೆ, "ನಮ್ಮ ಯಜಮಾನರ ತಾತನ ಕಿವಿ," ಎನ್ನುತ್ತಿದ್ದಳು. ನರಿಯೂ ನಂಬಿ ದೂರವೇ ಉಳಿದಿತ್ತು.

ಚೂಪಣ್ಣನಿಗೆ ಇದೇ ಸಂಕಟ. ಸಾಕಿಯೂ ಹೆಸರು ಬರದಿದ್ದರೆ ಹೇಗೆ? ತನ್ನನ್ನು "ಸಾಕಿದಪ್ಪ" ಎಂದೇ ಕರೆಯಬೇಕೆಂದು ಅರಳೆಗೆ ಕಲಿಸಿದ್ದ. ಹಾಗೆ ಕರೆಯುವಾಗಲೆಲ್ಲ ಪಾಪದ ಮರಿಯ ಕಿವಿ ಜೋತುಬೀಳುತ್ತಿತ್ತು.

"ಆಮೆಯಜ್ಜಿ, ಇದನ್ನ ನಾವೇ ಸಾಕಿದ್ದು, ಗೊತ್ತಾ?"

"ಗೊತ್ತು ಮಾರಾಯ. ನಿನ್ನೆಯಿಂದ ಏಳು ಸಲ ಹೇಳಿದ್ದೀಯ. ನರಿ ಕಿವಿಗೆ ಬಿದ್ದೀತು, ಬಾಯಿ ಮುಚ್ಚು!"

ಕೊನೆಗೆ ಕೇಳುವವರೇ ಉಳಿಯಲಿಲ್ಲ. ಒಂದು ಸಂಜೆ ಸೂಜಮ್ಮ ಗೆಡ್ಡೆ ಅಗೆಯಲು ಹೋಗಿದ್ದಳು. ಮರಿಗಳು ಬಿಲದ ಮುಂದೆ ಆಡುತ್ತಿದ್ದವು. ಆ ದಾರಿಯಲ್ಲಿ ನರಿ ಬಂತು.

"ಏನು ಚೂಪಣ್ಣನವರೇ, ಮೂರು ಮಕ್ಕಳಾ? ನಿಮ್ಮ ಹಾಗೇ ಇವೆ."

ಚೂಪಣ್ಣನಿಗೆ ತಡೆಯಲಾಗಲಿಲ್ಲ. "ಎಲ್ಲಿಯ ನನ್ನ ಹಾಗೆ! ಎರಡೇ ನಮ್ಮವು. ಅದು ಮೊಲ! ಅಂಟಿಸಿದ ಮುಳ್ಳು ಸ್ವಾಮಿ, ಬೇಕಾದರೆ ಎಳೆದು ನೋಡಿ."

ನರಿ ಎಳೆದು ನೋಡಿತು. ಮುಳ್ಳು ಕಿತ್ತುಬಂತು.

"ಆಹಾ, ಎಂಥ ದೊಡ್ಡ ಮನಸ್ಸು!" ಎಂದು ನರಿ ಅರಳೆಯ ಮೇಲೆ ಹಾರಿತು.

ಅರಳೆ ಓಡಿತು. ಅಂಟಿಸಿದ ಮುಳ್ಳುಗಳೆಲ್ಲ ದಾರಿಯುದ್ದಕ್ಕೂ ಉದುರಿದವು. ಕಲಿಸಿಕೊಟ್ಟ ಉದ್ದದ ಹೆಸರು ಹೇಳಲು ಅದಕ್ಕೆ ಪುರುಸೊತ್ತೆಲ್ಲಿ? "ಅಪ್ಪಾ!" ಎಂದು ಕಿರುಚಿತು.

ಚೂಪಣ್ಣ ಯೋಚಿಸಲು ನಿಲ್ಲಲಿಲ್ಲ. ಬೆನ್ನು ತಿರುಗಿಸಿ, ಮುಳ್ಳೆಲ್ಲ ನೆಟ್ಟಗೆ ನಿಲ್ಲಿಸಿ, ಹಿಂದುಹಿಂದಕ್ಕೆ ಓಡಿ ನರಿಯ ಮೂತಿಗೇ ಗುದ್ದಿದ. ಈ ಮುಳ್ಳುಗಳಿಗೆ ಅಂಟು ಹಚ್ಚಿರಲಿಲ್ಲ. ನರಿ ಹದಿನೆಂಟು ಮುಳ್ಳು ಹೊತ್ತುಕೊಂಡು, ಊಳಿಡುತ್ತ ಗುಡ್ಡ ದಾಟಿತು.

ಮರಳಿ ಬಂದ ಸೂಜಮ್ಮ ಗಂಡನಿಗೆ ಏನೆಂದಳೋ, ಅದನ್ನು ಮಕ್ಕಳ ಕತೆಯಲ್ಲಿ ಬರೆಯುವ ಹಾಗಿಲ್ಲ.

ಮರುದಿನ ಆಮೆಯಜ್ಜಿ ತನ್ನ ತಂಗಿಯನ್ನು ಕರೆದುಕೊಂಡು ಬಂದಳು. ತಂಗಿ ಕತ್ತು ಚಾಚಿ ಕೇಳಿದಳು, "ಇವುಗಳಲ್ಲಿ ಸಾಕಿದ್ದು ಯಾವುದಪ್ಪಾ?"

ಚೂಪಣ್ಣ ಅರಳೆಯ ಬೆನ್ನಿಗೆ ಮುಳ್ಳು ಅಂಟಿಸುತ್ತ ಕೂತಿದ್ದ. ತಲೆ ಎತ್ತಲಿಲ್ಲ.

"ಮೂರನ್ನೂ ಸಾಕಿದ್ದೇವೆ ಅಜ್ಜಿ. ಸಾಕದೇ ಯಾವ ಮಕ್ಕಳು ಬೆಳೀತಾವೆ?"

ಅರಳೆಯ ಎರಡೂ ಕಿವಿ ನೆಟ್ಟಗೆ ನಿಂತವು.

ನೀತಿ: ಮಗುವನ್ನು ಸಾಕಿದ್ದೇನೆಂದು ಊರಿಗೆಲ್ಲ ಸಾರಿದರೆ ಹೊಗಳಿಕೆ ಸಾಕಿದವರಿಗೆ, ಪೆಟ್ಟು ಮಗುವಿಗೆ.