ಕಿವುಡುಗುಡ್ಡದ ಕೋವಿಗಳು

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿ, ಕರಿಮಣ್ಣಿನ ಜೋಳದ ಹೊಲಗಳ ಮಧ್ಯೆ ಒಂಟಿಯಾಗಿ ಎದ್ದು ನಿಂತ ಬಂಡೆಗುಡ್ಡವೊಂದಿದೆ. ಅದರ ಬುಡದಲ್ಲಿ ಕಮ್ಮಾರಹಟ್ಟಿ ಎಂಬ ಚಿಕ್ಕ ಊರು. ಊರ ಬಾವಿಯ ಪಕ್ಕದಿಂದ ಒಂದು ಸವೆದ ಹಾದಿ ಜಾಲಿಗಿಡಗಳ ನಡುವೆ ಸುತ್ತಿ ಸುತ್ತಿ ಮೇಲಕ್ಕೆ ಹೋಗುತ್ತದೆ. ತುದಿಯಲ್ಲಿ ಕುಸಿದ ಕೋಟೆಯ ಒಂದೆರಡು ಬುರುಜುಗಳಿವೆ. ಗುಡ್ಡದ ಹೆಸರು ಕಿವುಡುಗುಡ್ಡ. ಹೊರಗಿನಿಂದ ಬಂದವರು ಹೆಸರು ಕೇಳಿ ನಗುತ್ತಾರೆ. ಇಲ್ಲಿ ಮಾರ್ದನಿ ಬರುವುದಿಲ್ಲವೇನೋ ಎಂದುಕೊಂಡು ಕೂಗಿ ನೋಡುವವರೂ ಉಂಟು. ಮಾರ್ದನಿ ಚೆನ್ನಾಗಿಯೇ ಬರುತ್ತದೆ. ಕಲ್ಲಿಗೆ ಕಿವುಡು ಬಂದದ್ದಲ್ಲ, ಊರಿಗೇ ಬಂದದ್ದು ಎನ್ನುತ್ತಾರೆ ಅಲ್ಲಿನ ಹಿರಿಯರು. ಅದಕ್ಕೆ ಮೊದಲು ಇದನ್ನು ಬರಿದೇ ಕರಿಗುಡ್ಡ ಎಂದು ಕರೆಯುತ್ತಿದ್ದರಂತೆ.

ಹಿಂದೆ ಒಮ್ಮೆ ಈ ಸೀಮೆಗಾಗಿ ಉತ್ತರದ ಸುಲ್ತಾನನಿಗೂ ದಕ್ಷಿಣದ ರಾಯನಿಗೂ ಬಿಡದೆ ಕಾದಾಟ ನಡೆದಿತ್ತು. ಒಂದು ಸುಗ್ಗಿಗೆ ಒಬ್ಬನ ಧ್ವಜ, ಮುಂದಿನ ಸುಗ್ಗಿಗೆ ಇನ್ನೊಬ್ಬನದು. ಇವರಿಬ್ಬರ ಕಾಳಗದ ಸಂದಿನಲ್ಲಿ ಯಾರಿಗೂ ಸೇರದ ಸುಲಿಗೆದಂಡುಗಳು ಕುದುರೆಯೇರಿ ಬಂದು ನೆಲದಡಿಯ ಹಗೇವಿನ ಕಾಳು ದೋಚಿ, ಊರಿಗೆ ಕೊಳ್ಳಿಯಿಟ್ಟು ಹೋಗುತ್ತಿದ್ದವು. ಅಂಥ ಕಾಲದಲ್ಲಿ ಹಳ್ಳಿಗರನ್ನು ಕಾದದ್ದು ಕಮ್ಮಾರಹಟ್ಟಿಯ ಕೋವಿ. ಅಲ್ಲಿಯ ಮುಖ್ಯ ಕಮ್ಮಾರ ಮಾನಾಚಾರಿ ಬಡಿದು ಸುತ್ತಿದ ಕೋವಿಯ ನಳಿಗೆ ಎಷ್ಟು ಮದ್ದು ಜಡಿದರೂ ಸಿಡಿಯುತ್ತಿರಲಿಲ್ಲ. ಪ್ರತಿ ನಳಿಗೆಯ ಮೇಲೆ ಅವನು ಜೋಳದ ತೆನೆಯ ಗುರುತು ಒತ್ತುತ್ತಿದ್ದ. ಯಾರಿಗಾಗಿ ಮಾಡಿದ್ದೋ ಅವರ ಹೆಸರಿನ ಮೊದಲ ಅಕ್ಷರವನ್ನು ಅದರ ಕೆಳಗೆ ಕೊರೆಯುತ್ತಿದ್ದ. ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು ಶರಭಮ್ಮನನ್ನು ಹಳ್ಳದಾಚೆಯ ಜಾಲಿಹೊಸೂರಿಗೆ ಕೊಟ್ಟಿದ್ದ. ಅಳಿಯ ಗುರುನಾಥನಿಗೆ ಮದುವೆಯಲ್ಲಿ ಅವನಿತ್ತ ಉಡುಗೊರೆಯೂ ಒಂದು ಕೋವಿಯೇ.

ಹೀಗಿರುವಾಗ ರಾಯನ ಕಡೆಯವರು ಕರಿಗುಡ್ಡದ ಕೋಟೆ ಹಿಡಿದರು. ಕೋಟೆಯ ಅಧಿಕಾರ ವಹಿಸಿದ ವಲ್ಲಭಯ್ಯ ದಳವಾಯಿ ಮೆಲುಮಾತಿನ ಮನುಷ್ಯ. ಆಸ್ಥಾನದಲ್ಲಿ ಒಂದು ಯೋಜನೆ ಸಿದ್ಧವಾಗಿತ್ತು: ಎರಡು ಹೊಳೆಗಳ ನಡುವೆ ಕೋವಿಯನ್ನಾಗಲಿ ಮದ್ದನ್ನಾಗಲಿ ರಾಯಮುದ್ರೆಯಿಲ್ಲದೆ ಯಾರೂ ಮಾಡಬಾರದು, ಮಾರಬಾರದು, ಇಟ್ಟುಕೊಳ್ಳಬಾರದು. ದಳವಾಯಿ ಡಂಗುರ ಹೊಡೆಸಲಿಲ್ಲ. ತಾನೇ ಮಾನಾಚಾರಿಯ ಕುಲುಮೆಗೆ ನಡೆದು ಬಂದು, ಬಡಗಿ ಮಾಡಿದ ಮಣೆಯ ಮೇಲೆ ಕೂತು ಹೇಳಿದ:

“ಆಚಾರ್ರೇ, ನಿಮ್ಮ ಕೋವಿ ಇಂದು ರೈತನ ಮನೆಯಲ್ಲಿರುತ್ತದೆ, ನಾಳೆ ಸುಲ್ತಾನನ ದಂಡಿನಲ್ಲಿ. ಎಲ್ಲವನ್ನೂ ಕೋಟೆಗೆ ತಂದೊಪ್ಪಿಸಲು ಹೇಳಿ. ಹಳ್ಳಿಗಳ ಕಾವಲು ನನ್ನದು. ನಮ್ಮ ಮಾತು ಅವರು ನಂಬುವುದಿಲ್ಲ. ನಿಮ್ಮ ಮಾತು ನಂಬುತ್ತಾರೆ.”

ಮಾನಾಚಾರಿ ಆ ಮಾತನ್ನು ನಂಬಿದ. ಕೋವಿಯಿಲ್ಲದ ಬದುಕು ಬರುವುದಾದರೆ ಬರಲಿ ಎಂಬ ಆಸೆ ಅವನಿಗೂ ಇತ್ತು. ಊರೂರು ಅಲೆದ. ಚಾವಡಿಗಳಲ್ಲಿ ಕೂತು ಕಾಳಮ್ಮನ ಮೇಲೆ ಆಣೆಯಿಟ್ಟ. ಕೆಲವರು ಗೊಣಗಿದರು, ಕೆಲವರು ಅತ್ತರು, ಕಡೆಗೆ ಕೊಟ್ಟರು. ಜಾಲಿಹೊಸೂರಿನಲ್ಲಿ ಗುರುನಾಥ ಕೋವಿಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಮಾವನ ಕೈಗಿಟ್ಟು, “ನೀವು ಕೊಟ್ಟದ್ದು, ನೀವೇ ಕೇಳಿದ್ರಿ. ಬ್ಯಾಡ ಅನ್ನೋದು ಹ್ಯಾಂಗ್ರಿ?” ಎಂದನಂತೆ. ಗಾಡಿಗಳು ತುಂಬಿ ಗುಡ್ಡ ಹತ್ತಿದವು.

ಜೋಳ ಕೊಯ್ದು ಹಗೇವು ತುಂಬುವ ಹೊತ್ತಿಗೆ ಸುಲಿಗೆದಂಡು ಬಂತು. ಒಂದು ಬೆಳಿಗ್ಗೆ ಮಾನಾಚಾರಿ ತಿದಿ ಒತ್ತಲು ಕೂತಾಗ ಹಳ್ಳದಾಚೆ ಹೊಗೆ ಎದ್ದದ್ದು ಕಂಡಿತು. ಗುಡ್ಡದ ಮೇಲಿನ ದಂಡು ಅಲ್ಲಾಡಲಿಲ್ಲ. ಅವನು ಕೈಗೆ ಸಿಕ್ಕ ಸುತ್ತಿಗೆ ಹಿಡಿದು ಓಡಿದ. ಅರ್ಧ ದಾರಿಯಲ್ಲಿ ಮಗಳು ಎದುರಾದಳು. ಸೀರೆಯ ಸೆರಗು ಸುಟ್ಟಿತ್ತು, ಮುಂಗೈ ಬೊಬ್ಬೆಯೆದ್ದಿತ್ತು. ಹೆಗಲ ಮೇಲೆ ಒಂದು ಕೋವಿ.

“ನಮ್ಮ ಮನಿಯವರು ಹ್ವಾದ್ರಪ್ಪಾ,” ಎಂದಳು. “ಊರ ಅಗಸಿ ಮುಂದ ಬರೇ ಬಡಿಗಿ ಹಿಡಕೊಂಡು ನಿಂತಿದ್ರು. ಗುಂಡು ಹೊಡೆದವ ಕುದುರಿಯಿಂದ ಬಿದ್ದ. ಕೋವಿ ಅಲ್ಲೇ ಬಿಟ್ಟು ಓಡಿದ. ನೋಡು.”

ಅವನು ನೋಡಿದ. ನಳಿಗೆಯ ಮೇಲೆ ಜೋಳದ ತೆನೆ. ಅದರ ಕೆಳಗೆ ‘ಗು’ ಎಂಬ ಅಕ್ಷರ. ತಾನು ಕೊರೆದದ್ದು, ತಾನು ಬೇಡಿ ತಂದದ್ದು, ತನ್ನ ಕೈಯಾರೆ ಕೋಟೆಯ ಉಗ್ರಾಣಕ್ಕೆ ಒಪ್ಪಿಸಿದ್ದು. ಮಾನಾಚಾರಿಗೆ ಮೊದಲು ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಬೆರಳಿನಿಂದ ಆ ಅಕ್ಷರವನ್ನು ಮತ್ತೆ ಮತ್ತೆ ಉಜ್ಜಿದನಂತೆ, ಉಜ್ಜಿದರೆ ಬೇರೆ ಅಕ್ಷರ ಆದೀತೇನೋ ಎಂಬಂತೆ.

ಕೋವಿ ಹಿಡಿದೇ ಗುಡ್ಡ ಹತ್ತಿ ದಳವಾಯಿಯ ಮುಂದೆ ಇಟ್ಟ. ಕಳವಾಗಿದೆ ಎಂದೋ, ಯಾವನೋ ಕಾವಲುಗಾರ ದ್ರೋಹ ಬಗೆದ ಎಂದೋ ದಳವಾಯಿಯ ಬಾಯಿಂದ ಕೇಳಬೇಕೆಂದು ಅವನ ಮನಸ್ಸು ಹಂಬಲಿಸುತ್ತಿತ್ತು. ವಲ್ಲಭಯ್ಯ ಊಟಕ್ಕೆ ಕೂತಿದ್ದ. ಕೋವಿಯನ್ನು ನೋಡಿ ತುತ್ತು ನುಂಗಿ, ಬೇಸರದಿಂದಲೂ ಅಲ್ಲ, ನಾಚಿಕೆಯಿಂದಲೂ ಅಲ್ಲ, ಮಳೆಬೆಳೆಯ ಮಾತಾಡುವವನಂತೆ ಹೇಳಿದ:

“ಅವರಿಗೆ ಕೊಟ್ಟದ್ದು ನಾವೇ. ಬೇಸಿಗೆಗೆ ಸುಲ್ತಾನನ ದಂಡು ಈ ದಾರಿಯಲ್ಲಿ ಬರುತ್ತದೆ. ಅದಕ್ಕೆ ಇಲ್ಲಿ ಒಂದು ಹಿಡಿ ಕಾಳೂ ಸಿಗಬಾರದು. ರಾಯರ ದಂಡೇ ರಾಯರ ಪ್ರಜೆಗಳನ್ನು ಸುಟ್ಟರೆ ಚೆನ್ನಾಗಿರುತ್ತದೆಯೇ? ಅದಕ್ಕೆ ಬೇರೆ ಕೈ ಬೇಕು, ಆ ಕೈಗೆ ಕೋವಿ ಬೇಕು. ಊರವರ ಕೈಯಲ್ಲಿ ಇರಬಾರದು. ಇಷ್ಟೇ ಆಚಾರ್ರೇ. ಯೋಜನೆ ನನ್ನದಲ್ಲ.”

“ನನ್ನ ಅಳಿಯ…” ಎಂದ ಮಾನಾಚಾರಿ.

“ಆಗಬಾರದಿತ್ತು,” ಎಂದ ದಳವಾಯಿ, ಮಜ್ಜಿಗೆ ಸುರಿದುಕೊಳ್ಳುತ್ತ. “ಉಗ್ರಾಣದಲ್ಲಿ ಉಳಿದ ಕೋವಿಗಳಿಗೆ ತುಕ್ಕು ಹತ್ತಿದೆ. ಅಮಾವಾಸ್ಯೆಯೊಳಗೆ ಉಜ್ಜಿ ಸಿದ್ಧ ಮಾಡಿ. ಇನ್ನೊಂದು ತಂಡಕ್ಕೆ ಕೊಡಬೇಕು.”

“ಆಗಲಿ ಒಡೆಯಾ” ಎಂದ ಮಾನಾಚಾರಿ. ಅಳಿಯ ಸತ್ತರೂ ಕೋಟೆಯ ಕೆಲಸಕ್ಕೆ ಒಪ್ಪಿದನೆಂದು ಕೇಳಿದ ಹಟ್ಟಿಯವರು ಅವನ ಮುಖಕ್ಕೆ ಉಗುಳಿದರು. ಅವನು ಒರೆಸಿಕೊಂಡ. ಮಗಳನ್ನು ಕರೆದುಕೊಂಡು ಹೋಗಿ ಕೋಟೆಯ ಅಂಗಳದಲ್ಲೇ ಕುಲುಮೆ ಹೂಡಿದ.

ಬತ್ತಿಯ ಕಿಡಿ ಒಳಗಿನ ಮದ್ದಿಗೆ ತಾಗಲೆಂದು ನಳಿಗೆಯ ಹಿಂಬದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಆ ತೂತಿಗೆ ಕಮ್ಮಾರರು ಕೋವಿಯ ಕಿವಿ ಎನ್ನುತ್ತಿದ್ದರು. ಮಾನಾಚಾರಿ ಕೋವಿಯನ್ನು ಉಜ್ಜಿ ಮಿಂಚಿಸುತ್ತಿದ್ದ. ಶರಭಮ್ಮ ಕಾದ ಸಣ್ಣ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಕಿವಿಗೆ ಇಡುತ್ತಿದ್ದಳು. ಅವನು ಜಡಿದು, ಮೊಳೆಯ ತಲೆ ತೇದು, ಮೇಲೆ ಮೇಣ ಮಸಿ ಸವರುತ್ತಿದ್ದ. ಹಗಲು ಬೆಳಕಿನಲ್ಲಿ, ಕಾವಲುಗಾರರ ಕಣ್ಣೆದುರಿಗೇ ಈ ಕೆಲಸ ನಡೆಯಿತು. ಕಮ್ಮಾರ ಬಡಿಯುವುದನ್ನು ಯಾರು ಅನುಮಾನದಿಂದ ನೋಡುತ್ತಾರೆ? ಕೋಟೆಯ ಸಿಪಾಯಿಗಳು ತಮ್ಮ ಕೋವಿಗಳನ್ನೂ ಉಜ್ಜಿಕೊಡೆಂದು ತಂದುಕೊಟ್ಟರು. ಅವಕ್ಕೂ ಅದೇ ಉಪಚಾರವಾಯಿತು. ಬುರುಜಿನ ಮೇಲಿನ ದೊಡ್ಡ ತೋಪಿನ ಹತ್ತಿರ ಮಾತ್ರ ಅವನಿಗೆ ಪ್ರವೇಶವಿರಲಿಲ್ಲ.

ಉಜ್ಜಿದ ಆ ಕೋವಿಗಳನ್ನು ಹೊತ್ತ ಸುಲಿಗೆದಂಡು ಮುಂದಿನ ಹಳ್ಳಿಯ ಮೇಲೆ ಬಿದ್ದಾಗ ಬತ್ತಿ ಸುರ್ರೆಂದಿತು, ಗುಂಡು ಹಾರಲಿಲ್ಲ. ಹಳ್ಳಿಗರು ಮೊದಲು ಬೆಚ್ಚಿ ನಿಂತರು. ಆಮೇಲೆ ಕವಣೆ, ಕುಡುಗೋಲು, ಒನಕೆ, ಕೈಗೆ ಸಿಕ್ಕಿದ್ದೆಲ್ಲ ಹಿಡಿದು ಅಟ್ಟಿಸಿಕೊಂಡು ಹೋದರು. ಸುಲಿಗೆಯವರ ನಾಯಕ ಮೋಸಹೋದೆನೆಂದು ಕೋಟೆಯ ಬಾಗಿಲಿಗೇ ಬಂದು ಕೂಗಾಡಿದ. ಆಗ ಊರಿಗೆಲ್ಲ ಯೋಜನೆ ಬಯಲಾಯಿತು. ಮಾನಾಚಾರಿಯ ಕೈವಾಡವೂ ಬಯಲಾಯಿತು.

“ನೀನು ನನ್ನ ಕೋವಿಗಳ ಕಿವಿ ಮುಚ್ಚಿದೆ,” ಎಂದ ವಲ್ಲಭಯ್ಯ, ಅದೇ ಮೆಲುದನಿಯಲ್ಲಿ. ಅವನ ಅಪ್ಪಣೆಯಂತೆ ಮಾನಾಚಾರಿಯನ್ನು ದೊಡ್ಡ ತೋಪಿನ ಬಾಯಿಯ ಪಕ್ಕಕ್ಕೆ, ಕಿವಿ ಕಬ್ಬಿಣಕ್ಕೆ ಒತ್ತುವಂತೆ, ಸರಪಳಿಯಿಂದ ಕಟ್ಟಿದರು. ಹಟ್ಟಿಯ ಜನರನ್ನೆಲ್ಲ ಕರೆಸಿ ನಿಲ್ಲಿಸಿದರು. ತೋಪು ಹಾರಿತು, ಮತ್ತೆ ಮದ್ದು ತುಂಬಿದರು, ಮತ್ತೆ ಹಾರಿತು. ಎಷ್ಟು ಸಲವೆಂದು ಯಾರೂ ಹೇಳುವುದಿಲ್ಲ. ಬಿಚ್ಚಿದಾಗ ಎರಡೂ ಕಿವಿಗಳಿಂದ ರಕ್ತ ಸುರಿದು ಕೊರಳು ನೆನೆದಿತ್ತು. ಹಿಂದೆ ಅವನ ಮುಖಕ್ಕೆ ಉಗುಳಿದವರು ಈಗ ಅವನನ್ನು ಎತ್ತಿಕೊಂಡು ಇಳಿದರು.

ಬೇಸಿಗೆಗೆ ಸುಲ್ತಾನನ ದಂಡು ಬಂದಾಗ, ಮುಚ್ಚಿದ ಕಿವಿಗಳನ್ನು ಕೊರೆದು ತೆರೆಯುವವರಿಲ್ಲದೆ, ಕೋಟೆಯಲ್ಲಿ ಸಿಡಿಯುವ ಕೋವಿ ಒಂದೂ ಇರಲಿಲ್ಲ. ದಳವಾಯಿ ಹಿಂಬಾಗಿಲಿನಿಂದ ಓಡಿಹೋದ. ಕೋಟೆ ಬರಿದಾದ ಆ ಗಳಿಗೆಯಲ್ಲಿ ಮಾನಾಚಾರಿ ಮಗಳ ಹೆಗಲು ಹಿಡಿದು ಗುಡ್ಡ ಹತ್ತಿ, ಹೆಬ್ಬೆರಳು ಗಾತ್ರದ ಮೊಳೆಯನ್ನು ದೊಡ್ಡ ತೋಪಿನ ಕಿವಿಗೆ ಇಟ್ಟು ಬಡಿದ. ತನ್ನ ಸುತ್ತಿಗೆಯ ಸದ್ದು ತನಗೇ ಕೇಳಿಸದೆ ತಬ್ಬಿಬ್ಬಾಗಿ, “ಒಳಗ ಹೋತೇನವ್ವಾ?” ಎಂದು ಕೇಳಿದ. ಶರಭಮ್ಮ ಅವನ ಅಂಗೈಯನ್ನು ಮೊಳೆಯ ತಲೆಯ ಮೇಲೆ ಇಟ್ಟು ಒತ್ತಿದಳು.

ಕೆಲವು ದಿನಗಳಲ್ಲಿ ಸುಲ್ತಾನನ ಅಧಿಕಾರಿ ಕಮ್ಮಾರಹಟ್ಟಿಗೆ ಬಂದ. ಅವನೂ ಮೆಲುಮಾತಿನವನೇ. ಇನ್ನು ಮುಂದೆ ಸುಲ್ತಾನರ ಮುದ್ರೆಯಿಲ್ಲದ ಕೋವಿ ಈ ಸೀಮೆಯಲ್ಲಿರಬಾರದು, ಇದ್ದದ್ದನ್ನೆಲ್ಲ ಕೂಡಿಸಿ ಒಪ್ಪಿಸಿರಿ, ಕಾವಲು ನಮ್ಮದು ಎಂದ. ಊರೆಲ್ಲ ಕುಲುಮೆಯ ಮುಂದೆ ನೆರೆದಿತ್ತು. ಮಾನಾಚಾರಿ ಅವನ ತುಟಿ ಆಡುವುದನ್ನು ನೋಡಿ ತನ್ನ ಕಿವಿ ಮುಟ್ಟಿ ತೋರಿಸಿ ತಲೆಯಾಡಿಸಿದ. ಅಧಿಕಾರಿ ಶರಭಮ್ಮನ ಕಡೆ ತಿರುಗಿದ. ಅವಳೂ ಕಿವಿ ಮುಟ್ಟಿ ತಲೆಯಾಡಿಸಿದಳು. ಪಕ್ಕದವನು, ಅವನ ಪಕ್ಕದವಳು, ಕಂಕುಳ ಕೂಸಿನ ತಾಯಿ, ಕಟ್ಟೆಯ ಮೇಲಿನ ಮುದುಕ, ಎಲ್ಲರೂ ಒಬ್ಬೊಬ್ಬರಾಗಿ ಕಿವಿ ಮುಟ್ಟಿದರು. ಅಧಿಕಾರಿ ಬಂದ ದಾರಿಯಲ್ಲೇ ಹಿಂದಿರುಗಿ, ಅದು ಕಿವುಡರ ಗುಡ್ಡ, ಅಲ್ಲಿ ಯಾರಿಗೂ ಏನೂ ಹೇಳಿ ಪ್ರಯೋಜನವಿಲ್ಲ ಎಂದು ಬರೆಸಿ ಕಳಿಸಿದನಂತೆ. ಹೆಸರು ನಿಂತದ್ದು ಹಾಗೆ ಎನ್ನುತ್ತಾರೆ.

ಇಂದು ಗುಡ್ಡ ಹತ್ತಿದವರಿಗೆ ಮೇಲಿನ ಬುರುಜಿನಲ್ಲಿ ಗಾಲಿ ಕಳಚಿ ಒರಗಿದ ಉದ್ದನೆಯ ತೋಪು ಕಾಣುತ್ತದೆ. ಮೈಯೆಲ್ಲ ತುಕ್ಕು ಹಿಡಿದು ಒರಟಾಗಿದೆ. ಹಿಂಬದಿಯ ಮೊಳೆಯ ತಲೆ ಮಾತ್ರ ನುಣುಪಾಗಿ ಹೊಳೆಯುತ್ತದೆ. ಹಟ್ಟಿಯಿಂದ ಗಂಡನ ಮನೆಗೆ ಹೊರಟ ಹೆಣ್ಣುಮಕ್ಕಳು ಮೊದಲು ಇಲ್ಲಿಗೆ ಬಂದು ಅದರ ಮೇಲೆ ಅಂಗೈ ಒತ್ತಿ ಹೋಗುತ್ತಾರೆ.