ಹಿಂದಕ್ಕೆ ಹೊರಟ ಮಂಜಿ

ಸೂರ ಮರಕಾಲ ಗಂಗೊಳ್ಳಿ ಕಡೆಯವನು, ಹಡಗು ನಡೆಸುವ ಮುದಿ ತಾಂಡೇಲ. ಹಂಚು ತುಂಬಿದ ಮಂಜಿಗೆ, ಆ ಮರದ ಸರಕುಹಡಗಿಗೆ, ಹಾಯಿ ಕಟ್ಟಿಸಿ ಆಫ್ರಿಕದ ದಡ ಮುಟ್ಟಿಸುವುದು ಅವನ ಕಸುಬು. ಕಡಲು ಕಲಿಯಬೇಕೆಂದು ಅವನ ಹಿಂದೆ ಬಿದ್ದವರು ಬಹಳ, ಉಳಿದವರು ಕಡಿಮೆ. ಪ್ರಶ್ನೆ ಕೇಳಿದವರಿಗೆ ಅವನು ಉತ್ತರ ಕೊಡುತ್ತಿರಲಿಲ್ಲ, ಕೆಲಸ ಕೊಡುತ್ತಿದ್ದ.

ಹಾಗೆ ಉಳಿದವರಲ್ಲಿ ನಾರ್ಣ ಕೊನೆಯವನು. ಈ ಸಲದ ಪಯಣಕ್ಕೆ ಅವನು ಗುರುವನ್ನು ಕಾಡಿ ಬೇಡಿ ತನ್ನ ತಮ್ಮ ಶೀನನನ್ನೂ ಹತ್ತಿಸಿಕೊಂಡಿದ್ದ.

ನಡುಗಡಲಿನಲ್ಲಿ ದಿನಗಳಿಗೆ ಬೇರೆ ಬೇರೆ ಮುಖವಿಲ್ಲ. ಬೆಳಿಗ್ಗೆ ಎದ್ದರೆ ತಳದಲ್ಲಿ ಸೋರಿ ನಿಂತ ನೀರು ಮೊಗೆದು ಚೆಲ್ಲಬೇಕು. ಮರಳು ತುಂಬಿದ ಪೆಟ್ಟಿಗೆಯ ಮೇಲೆ ಒಲೆ ಹೂಡಿ ಗಂಜಿ ಬೇಯಿಸಬೇಕು. ಹರಿದ ಹಾಯಿ ಹೊಲಿಯಬೇಕು. ಕುಡಿಯುವ ನೀರನ್ನು ತಾಂಡೇಲನೇ ಗೆರಟೆಯಲ್ಲಿ ಅಳೆದು ಕೊಡಬೇಕು. ಸುತ್ತ ಇಷ್ಟು ನೀರಿಟ್ಟೂ ದೇವರು ಜಿಪುಣನಾದ ಎಂದು ಶೀನ ನಗುತ್ತಾ ಗೆರಟೆಯ ತಳ ನೆಕ್ಕುತ್ತಿದ್ದ. ಮುದುಕನೂ ಮೀಸೆಯಡಿ ನಗುತ್ತಿದ್ದ.

ಗಾಳಿ ಬಿರುಸಾಗಿದ್ದ ಒಂದು ಮಧ್ಯಾಹ್ನ ಶೀನ ಹಾಯಿಯ ಹಗ್ಗ ಬಿಗಿಯಲು ಅಂಚಿಗೆ ಹೋದ. ಅಲೆ ಬಂತು. ಅಲೆ ಹೋದಾಗ ಅಂಚು ಖಾಲಿಯಿತ್ತು.

ಆಗ ಚುಕ್ಕಾಣಿ ಇದ್ದದ್ದು ನಾರ್ಣನ ಕೈಯಲ್ಲಿ. ಅವನು ಮೈಯೆಲ್ಲ ಬಲ ಹಾಕಿ ತಿರುಗಿಸಲು ಹೋದ. ಗುರು ಓಡಿಬಂದು ಅವನ ಕೈಗಳ ಮೇಲೆ ತನ್ನ ಕೈಯಿಟ್ಟು ಅದುಮಿ ಹಿಡಿದ.

"ತಿರ್ಗಿಸ್ಬೇಡ."

ಅಡುಗೆಯ ಕೊಗ್ಗ ಖಾಲಿ ಪೀಪಾಯಿಯೊಂದನ್ನು ಎಸೆದ. ಅಲೆಗಳ ನಡುವೆ ಶೀನನ ತಲೆ ಕಂಡಿತು, ಎತ್ತಿದ ಒಂದು ಕೈ ಕಂಡಿತು. ಮಂಜಿ ಮುಂದೆ ಓಡುತ್ತಲೇ ಇತ್ತು. ಆಮೇಲೆ ಏನೂ ಕಾಣಲಿಲ್ಲ.

ಅಂದಿನಿಂದ ನಾರ್ಣ ಚುಕ್ಕಾಣಿ ಮುಟ್ಟಲಿಲ್ಲ. ಮುದುಕನೇ ಹಗಲಿರುಳು ಅದಕ್ಕೆ ಆತು ಕುಳಿತ, ಕೂತಲ್ಲೇ ತೂಕಡಿಸಿದ. ನಾರ್ಣನಿಗೆ ಉಳಿದದ್ದು ಒಂದೇ ಪ್ರಶ್ನೆ. ಬೆಳಿಗ್ಗೆ ಎದ್ದು ಅದನ್ನೇ ಕೇಳುತ್ತಿದ್ದ.

"ತಾಂಡೇಲ್ರೆ, ತಿರ್ಗಿಸಿದ್ರೆ ಶೀನ ಸಿಕ್ತಿದ್ನಾ?"

ತಳದಲ್ಲಿ ನೀರು ನಿಂತಿದೆ, ಮೊಗೆದು ಹಾಕು ಎನ್ನುತ್ತಿದ್ದ ಗುರು. ಇನ್ನೊಂದು ದಿನ ಹಾಯಿಯ ಮೂಲೆ ಹರಿದಿದೆ, ಹೊಲಿ ಎಂದ. ಮತ್ತೊಂದು ದಿನ ಒಲೆಗೆ ಸೌದೆ ಸೀಳು ಎಂದ. ನಾರ್ಣ ಮೊಗೆದ, ಹೊಲಿದ, ಸೀಳಿದ. ಪ್ರಶ್ನೆ ಮಾತ್ರ ಇದ್ದಲ್ಲೇ ಇತ್ತು.

ಕೊಗ್ಗ ಅವನನ್ನು ಬದಿಗೆ ಕರೆದು ಸಮಾಧಾನ ಹೇಳಿನೋಡಿದ. ಹೊಟ್ಟೆ ತುಂಬ ಹಂಚು ಹೊತ್ತ ಮಂಜಿ ಅಂಥ ಅಲೆಗೆ ಅಡ್ಡ ತಿರುಗಿದರೆ ಹಂಚೆಲ್ಲ ಒಂದೇ ಮಗ್ಗುಲಿಗೆ ಜಾರುತ್ತಿತ್ತು, ಎಲ್ಲರೂ ನೀರುಪಾಲಾಗುತ್ತಿದ್ದರು ಎಂದ. ಅದು ನಾರ್ಣನಿಗೆ ಗೊತ್ತಿಲ್ಲದ್ದೇನಲ್ಲ. ಗುರು ಅವನಿಗೆ ಕಲಿಸಿದ ಮೊದಲ ಪಾಠವೇ ಅದು. ಆದರೆ ಅವನಿಗೆ ಅದು ಗುರುವಿನ ಬಾಯಿಂದಲೇ ಬರಬೇಕಿತ್ತು. ಸಿಗುತ್ತಿರಲಿಲ್ಲ ಎಂದಿದ್ದರೆ ಒಂದು ಗಳಿಗೆ ನಿದ್ದೆಯಾದರೂ ಬರುತ್ತಿತ್ತು. ಸಿಗುತ್ತಿದ್ದ ಎಂದಿದ್ದರೆ ಮುದುಕನನ್ನು ದ್ವೇಷಿಸಿಕೊಂಡಾದರೂ ಬದುಕಬಹುದಿತ್ತು. ಎರಡರಲ್ಲಿ ಒಂದನ್ನೂ ಅವನು ಕೊಡಲಿಲ್ಲ.

ಕೊನೆಗೆ ನಾರ್ಣ ಕೇಳುವುದನ್ನು ಬಿಟ್ಟ. ನೀರು ಕುಡಿಯುವುದನ್ನೂ ಬಿಟ್ಟ. ಗುರು ಗೆರಟೆ ತುಂಬಿಸಿ ಪಕ್ಕದಲ್ಲಿಟ್ಟರೆ ಅದು ಹಾಗೇ ಇರುತ್ತಿತ್ತು. ಕೊಗ್ಗ ಬೈದು, ಗದ್ದ ಹಿಡಿದು, ತುಟಿ ಒದ್ದೆ ಮಾಡಿಸುತ್ತಿದ್ದ. ಸಾಯಬೇಕೆಂದು ನಾರ್ಣ ನಿರ್ಧಾರವೇನೂ ಮಾಡಿರಲಿಲ್ಲ. ಗೆರಟೆ ಎತ್ತಲು ಮನಸ್ಸು ಬರುತ್ತಿರಲಿಲ್ಲ, ಅಷ್ಟೇ.

ಹೀಗಿರುವಾಗ ಗಾಳಿ ಬಿತ್ತು. ಬಿದ್ದ ಗಾಳಿ ಎದ್ದಾಗ ಎದುರಿನಿಂದ ಮೆಲ್ಲಗೆ ಬೀಸತೊಡಗಿತು. ಅಂಥ ಹೊತ್ತಿನಲ್ಲಿ ಹಾಯಿ ಇಳಿಸಿ ಕಾಯುವುದು ರೂಢಿ. ನಾರ್ಣ ಎದ್ದು ಬಂದು ಚುಕ್ಕಾಣಿ ತನಗೆ ಕೊಡಿ ಎಂದ.

ಮುದುಕ ಅವನ ಮುಖ ನೋಡಿದ. ಸರಿದು ಕೊಟ್ಟ, ಅಲ್ಲೇ ಹಲಗೆಯ ಮೇಲೆ ಮೈಚಾಚಿದ.

ನಾರ್ಣ ಮಂಜಿಯ ಮೂತಿಯನ್ನು ಬಂದ ದಾರಿಯತ್ತ ತಿರುಗಿಸಿದ. ಗಾಳಿಯೂ ಆ ಕಡೆಗೇ ತಳ್ಳುತ್ತಿತ್ತು. ಅದು ತನ್ನನ್ನು ಕರೆಯುತ್ತಿದೆ ಎಂದೇ ಅವನಿಗೆ ಅನಿಸಿತು. ಶೀನ ಪೀಪಾಯಿ ಹಿಡಿದು ತೇಲುತ್ತಿರಬಹುದು, ಕಡಲಲ್ಲಿ ಏನು ಬೇಕಾದರೂ ಆಗಬಹುದು. ದುಃಖಕ್ಕೆ ಬುದ್ಧಿ ಎಲ್ಲಿಂದ ಬರಬೇಕು?

ಮಂಜಿ ತಿರುಗಿದಂತೆ ಮುದುಕನ ಕಾಲ ಮೇಲಿದ್ದ ಬಿಸಿಲು ಮುಖಕ್ಕೆ ಬಂತು. ಅವನು ಕಣ್ಣು ಬಿಡಲಿಲ್ಲ.

ಕೊಗ್ಗನಿಗೆ ಗೊತ್ತಾಗಿಹೋಯಿತು. ಓಡಿಬಂದು, ಇದೆಂಥ ಹುಚ್ಚು, ಇರುವ ನೀರು ಮುಂದಿನ ದಾರಿಗೇ ಸಾಲದು, ಇನ್ನು ಹಿಂದೆ ಹೋಗಿ ಬರುವುದೆಂದರೆ ಎಲ್ಲರ ಬಾಯಿಗೂ ಮಣ್ಣು ಎಂದ. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

"ಸುಮ್ನಿರ್ ಕೊಗ್ಗಾ," ಎಂದ ಮುದುಕ, ಮಲಗಿದಲ್ಲಿಂದಲೇ. "ಅಂವ ಹೇಳ್ದಂಗೆ ಹಾಯಿ ಕಟ್ಟು."

ಕೊಗ್ಗ ಗೊಣಗುತ್ತಾ ಕಟ್ಟಿದ. ಆ ಹೊತ್ತಿನಿಂದ ತನ್ನ ಪಾಲಿನ ಗೆರಟೆಯನ್ನು ಅರ್ಧಕ್ಕಿಳಿಸಿಕೊಂಡ.

ಮಂಜಿ ಹಿಂದಕ್ಕೆ ನಡೆಯಿತು. ಕೆಲವು ರಾತ್ರಿ ಕಳೆದವು, ಇನ್ನೊಂದು ಹಗಲೂ ಇಳಿಯತೊಡಗಿತು. ಆಗ ನಾರ್ಣ ಹಾಯಿ ಇಳಿಸಲು ಹೇಳಿದ. ಮಂಜಿ ನಿಂತು ತೊಟ್ಟಿಲಿನಂತೆ ತೂಗತೊಡಗಿತು.

ಗುರು ಎದ್ದು ಕುಳಿತ.

"ಇಲ್ಲಿಯಾ?"

ನಾರ್ಣ ಸುತ್ತ ನೋಡಿದ. ನೀರು. ಮತ್ತೆ ನೀರು. ಪೀಪಾಯಿ ಇರಲಿಲ್ಲ, ಹಲಗೆಯ ಚೂರೂ ಇರಲಿಲ್ಲ. ಒಂದು ಹಕ್ಕಿಯೂ ಇರಲಿಲ್ಲ.

"ಇಲ್ಲಲ್ಲ. ಇನ್ನೊಂಚೂರ್ ಮುಂದೆ."

ಇನ್ನೊಂದಿಷ್ಟು ದೂರ ಹೋದರು. ಗುರು ಮತ್ತೆ ಅದನ್ನೇ ಕೇಳಿದ.

"ಇಲ್ಲಿಯಾ?"

ನಾರ್ಣ ಅಂಚಿಗೆ ಹೋಗಿ, ಎದೆಯಲ್ಲಿದ್ದ ಉಸಿರೆಲ್ಲ ಒಟ್ಟುಮಾಡಿ ತಮ್ಮನ ಹೆಸರು ಕೂಗಿದ. ದಡದಲ್ಲಾದರೆ ಗುಡ್ಡಕ್ಕೆ ಬಡಿದು ಕೂಗಾದರೂ ತಿರುಗಿ ಬರುತ್ತದೆ. ಕಡಲಿಗೆ ಅಷ್ಟು ಮರ್ಯಾದೆಯೂ ಇಲ್ಲ.

"ಗೊತ್ತಿಲ್ಲೆ," ಎಂದ ನಾರ್ಣ. ಅಲ್ಲೇ ಕುಸಿದು ಕುಳಿತ. ತಮ್ಮ ಬಿದ್ದ ಜಾಗವೆಂಬುದೇ ಈ ಲೋಕದಲ್ಲಿ ಎಲ್ಲೂ ಇಲ್ಲ ಎಂಬುದು ಆಗ ಅವನ ಮನಸ್ಸಿಗೆ ಇಳಿಯಿತು. ಅವನು ಬಿದ್ದದ್ದಕ್ಕಿಂತ ಇದೇ ಹೆಚ್ಚು ನೋಯಿಸಿತು.

ಬಹಳ ಹೊತ್ತಿನ ಮೇಲೆ ತೆವಳಿಕೊಂಡು ಗುರುವಿನ ಹತ್ತಿರ ಬಂದ.

"ಈಗಾದ್ರೂ ಹೇಳಿ ತಾಂಡೇಲ್ರೆ. ಅವತ್ತ್ ತಿರ್ಗಿಸಿದ್ರೆ ಸಿಕ್ತಿದ್ನಾ?"

ಮುದುಕ ನೀರಿನ ಕಡೆಯೇ ನೋಡುತ್ತಿದ್ದ.

"ನಂಗೊತ್ತಿಲ್ಲೆ."

"ಗೊತ್ತಿಲ್ದೆ ಬೇಡ ಅಂದ್ರಾ?"

"ಹೌದು."

ನಾರ್ಣನ ಮುಷ್ಟಿ ಬಿಗಿಯಿತು. ಆದರೆ ಎದುರಿಗಿದ್ದದ್ದು ನಿದ್ದೆಗೆಟ್ಟು ಕೆಂಪಾದ ಎರಡು ಕಣ್ಣು, ಹಗ್ಗ ತಿಂದ ಎರಡು ಅಂಗೈ. ಹೊಡೆಯಲು ಅಲ್ಲಿ ಯಾರೂ ಇರಲಿಲ್ಲ. ಮುಷ್ಟಿ ತಾನಾಗಿ ಸಡಿಲಿತು.

"ಇಲ್ಲೆಂತದೂ ಇಲ್ಲ ಅಂತ ನಿಮ್ಗ್ ಗೊತ್ತಿತ್ತ್. ಮತ್ತೆ ಇಷ್ಟ್ ದೂರ ಹಿಂದೆ ಬಪ್ಪುಕೆ ಎಂತಕ್ಕೆ ಬಿಟ್ರಿ?"

ಮುದುಕ ಕುಡಿಯುವ ನೀರಿನ ಪೀಪಾಯಿಯ ತಳದಿಂದ ಒಂದು ಗೆರಟೆ ಮೊಗೆದ. ಅದನ್ನು ನಾರ್ಣನ ಕೈಗಿಟ್ಟ.

"ನಂಗೂ ಒಂದ್ಸಲ ಬಂದ್ ಕಾಣ್ಬೇಕಿತ್ತ್ ಮಗಾ. ನೀರ್ ಕುಡಿ, ಚುಕ್ಕಾಣಿ ಹಿಡ್ಕೋ. ನಾನೊಂಚೂರ್ ಅತ್ತು ಬತ್ತೆ."