ಉಪವಾಸದ ಬಂಡೆ

ಬ್ರೆಜಿಲಿನ ದೊಡ್ಡ ಕಾಡಿನೊಳಗೆ ಇಸಾನ ನದಿ ಹರಿಯುವ ದಾರಿಯಲ್ಲಿ, ಧುಮ್ಮಿಕ್ಕುವ ಝರಿಯೊಂದರ ನೆತ್ತಿಯ ಮೇಲೆ ಅಗಲವಾದ ಕಪ್ಪು ಬಂಡೆಯಿದೆ. ನೀರು ಇಳಿದ ತಿಂಗಳುಗಳಲ್ಲಿ ಬಾನಿವಾ ಬುಡಕಟ್ಟಿನ ಹೆಂಗಸರು ಅಲ್ಲಿ ಕೂತು ಮರಗೆಣಸು ತೊಳೆಯುತ್ತಾರೆ, ಗಂಡಸರು ಮೀನು ಸೀಳುತ್ತಾರೆ. ಇಂಥ ಜಾಗಕ್ಕೆ ಉಪವಾಸದ ಬಂಡೆ ಎಂಬ ಹೆಸರೇಕೆ ಎಂದು ಹೊಸಬರು ಕೇಳುವುದುಂಟು.

ಹಿಂದೆ ಒಮ್ಮೆ, ಜನರನ್ನು ಹಿಡಿದು ಮಾರುವವರು ಕೆಳನದಿಯಿಂದ ದೋಣಿಗಳಲ್ಲಿ ಬರುತ್ತಿದ್ದ ಕಾಲದಲ್ಲಿ, ಈ ದಡದ ಊರಿನಲ್ಲಿ ಮಾಪಾ ಎಂಬ ಮುದುಕಿಯಿದ್ದಳು ಎನ್ನುತ್ತಾರೆ. ಅವಳ ಮೊಮ್ಮಗಳು ಹಿವಿರಿ ಆಗಷ್ಟೇ ಮೈನೆರೆದಿದ್ದಳು. ಮೈನೆರೆದ ಹುಡುಗಿ ತಿಂಗಳೊಪ್ಪತ್ತು ತೆಳು ಗಂಜಿಯಲ್ಲೇ ಇದ್ದು, ಹಿರಿಯರು ಮಂತ್ರಿಸಿ ಕೊಟ್ಟ ಮೆಣಸಿನಕಾಯಿ ತಿಂದ ಮೇಲಷ್ಟೇ ಮೀನು, ಮಾಂಸ ಮುಟ್ಟಬೇಕು. ಇಲ್ಲವಾದರೆ ತಿಂದ ಅನ್ನವೇ ರೋಗವಾಗುತ್ತದೆಂಬುದು ಅವರ ನಂಬಿಕೆ. ಆ ದಿನಕ್ಕೆಂದು ಮಾಪಾ ವರ್ಷದ ಮೆಣಸನ್ನೆಲ್ಲ ಒಣಗಿಸಿ ಬುಟ್ಟಿಗಳಲ್ಲಿ ತುಂಬಿದ್ದಳು.

ಉಪವಾಸ ಮುಗಿಯಬೇಕಿದ್ದ ಬೆಳಿಗ್ಗೆಯೇ ಝರಿಯ ಕೆಳಗೆ ಏಳು ದೋಣಿಗಳು ಕಂಡವು. ಹಸುಗೂಸುಗಳನ್ನೂ ಮುದುಕರನ್ನೂ ಕಟ್ಟಿಕೊಂಡು ಓಡಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಗಾಳಿ ಕೆಳನದಿಯ ಕಡೆಗೆ ಬೀಸುತ್ತಿತ್ತು. ಮಾಪಾಳ ಕಣ್ಣು ಬುಟ್ಟಿಗಳ ಮೇಲೆ ಬಿತ್ತು. ಕೈ ಮಾತ್ರ ಏಳಲಿಲ್ಲ.

"ಅವನ್ನು ಸುಡು, ಅಜ್ಜಿ," ಎಂದಳು ಹಿವಿರಿ.

"ನಿನ್ನ ಉಪವಾಸ, ಮಗಳೇ?"

"ಹಸಿವು ನನಗೆ ರೂಢಿಯಾಗಿದೆ. ಹಗ್ಗ ರೂಢಿಯಾಗುವುದು ಬೇಡ."

ಬಂಡೆಯ ಮೇಲೆ ಬೆಂಕಿ ಹೊತ್ತಿತು. ಬುಟ್ಟಿಗಳು ಸಾಲದೆ ತೋಟದ ಗಿಡಗಳನ್ನೂ ಕಿತ್ತು ಹಾಕಿದರು. ಘಾಟು ಝರಿಯಗುಂಟ ಇಳಿಯಿತು. ದೋಣಿಗಳನ್ನು ಮೇಲಕ್ಕೆಳೆಯುತ್ತಿದ್ದವರಿಗೆ ಕೆಮ್ಮು ಹತ್ತಿ, ಕಣ್ಣು ಕಾಣದಾಗಿ ಹಗ್ಗಗಳು ಕೈಜಾರಿದವು. ಎರಡು ದೋಣಿಗಳು ಕಲ್ಲಿಗೆ ಬಡಿದು ಒಡೆದವು. ಉಳಿದವು ಬಂದ ದಾರಿಯಲ್ಲೇ ತಿರುಗಿದವು.

ಊರು ಉಳಿಯಿತು, ಆದರೆ ಮೆಣಸಿನ ಒಂದು ಬೀಜವೂ ಉಳಿದಿರಲಿಲ್ಲ. ಮೇಲ್ನದಿಯ ನೆಂಟರಿಗೆ ಹೇಳಿಕಳಿಸಿದರು. ಹಿವಿರಿ ದಿನವೂ ಬಂಡೆಯ ಮೇಲೆ ಕೂತು ದಾರಿ ನೋಡಿದಳು. ಅವಳು ಸೊರಗುವುದನ್ನು ನೋಡಲಾರದೆ ಸೋದರತ್ತೆ ಚೂರು ಮೀನು ತಂದಳು. "ತಿಂದು ನನಗೇನಾದರೂ ಆದರೆ ಅಜ್ಜಿ ಮೆಣಸು ಸುಟ್ಟ ತನ್ನ ಕೈಯನ್ನೇ ಶಪಿಸಿಕೊಳ್ಳುತ್ತಾಳೆ," ಎಂದು ಹುಡುಗಿ ಅದನ್ನು ಮರಳಿಸಿದಳಂತೆ.

ಇಪ್ಪತ್ತಮೂರನೆಯ ದಿನ ನೆಂಟರು ಬಂದರು. ಒಂದೊಂದು ಮನೆಯವರ ಮಡಿಲಲ್ಲಿ ಒಂದೊಂದು ಜಾತಿಯ ಮೆಣಸು. ಹಿರಿಯರು ಮಂತ್ರಿಸಿದರು, ಮಾಪಾ ತಾನೇ ತಿನ್ನಿಸಿದಳು. ಹಿವಿರಿಯ ಕಣ್ಣಲ್ಲಿ ಧಾರೆಯಾಗಿ ನೀರಿಳಿಯಿತು. ಮಾಪಾ ಮೆಣಸು ತಿಂದಿರಲಿಲ್ಲ, ಅವಳ ಕಣ್ಣೂ ಹಾಗೆಯೇ ಇತ್ತು.

ಇಂದಿಗೂ ಬಂಡೆಯ ಮೇಲಿನ ದಡದಲ್ಲಿ ಗುಂಡನೆಯ, ನೀಳವಾದ, ಹಳದಿಯ, ಕಪ್ಪನೆಯ ಕಾಯಿಗಳ ಮೆಣಸಿನ ಪೊದೆಗಳಿವೆ. ಅವಕ್ಕೆ ಒಡೆಯರಿಲ್ಲ, ಯಾರು ಬೇಕಾದರೂ ಕೊಯ್ಯಬಹುದು. ಕೊಯ್ಯುವವರು ಮಾತ್ರ ಗಿಡಕ್ಕೊಂದು ಹಣ್ಣನ್ನು ಅಲ್ಲೇ ಬಿಟ್ಟು ಬರುತ್ತಾರೆ.